ಮೊಣಕಾಲಿನ ನೋವೆಂದು ಬಂದವಳು

ನನ್ನ ಅರಬ್ ಗೆಳತಿ ಮಂಗಳೂರು ವಿಮಾನ ನಿಲ್ದಾಣದಿಂದ ಕುಂಟುತ್ತಾ ಹೊರಗೆ ಬಂದಳು. ಎಡಗಾಲನ್ನು ಎಳೆದು ಎಳೆದು ಹಾಕುತ್ತಿದ್ದಳು. ನಾನು ಓಡಿಹೋಗಿ ಅಪ್ಪಿಕೊಂಡಾಗ ಕಿವಿಯ ಹತ್ತಿರ ಮೆಲ್ಲಗೆ ಹೇಳಿದಳು, “ಆ ನೀಲಿ ಅಂಗಿಯವನು ಕಾರು ಹತ್ತುವ ತನಕ ಕುಂಟುತ್ತೇನೆ. ನನ್ನ ಅಣ್ಣನ ಅಂಗಡಿಯಲ್ಲಿ ಕೆಲಸ ಮಾಡುವವನು. ನಿಮ್ಮ ಊರಿನ ಕಡೆಯವನೇ.”

ನೀಲಿ ಅಂಗಿಯವನು ಹತ್ತಿರ ಬಂದು ಅವಳಿಗೆ ಸಲಾಂ ಹೇಳಿದ. ನನಗೆ ತುಳುವಿನಲ್ಲಿ, “ಮೇಡಂನ ಮೊಣಕಾಲು ಜಾಗ್ರತೆ ಅಕ್ಕ, ವಿಮಾನದಲ್ಲಿ ತುಂಬಾ ಕಷ್ಟಪಟ್ಟರು” ಎಂದ. ಒಳ್ಳೆಯ ಮನುಷ್ಯ. ಅವನ ಮನೆ ಮೆಲ್ಕಾರಿನಿಂದ ಸ್ವಲ್ಪ ಮುಂದೆಯಂತೆ. ರಜೆ ಮುಗಿಯುವುದರೊಳಗೆ ಒಮ್ಮೆ ಬಂದು ವಿಚಾರಿಸಿಕೊಂಡು ಹೋಗುತ್ತೇನೆ ಎಂದು ಹೇಳಿ ಹೊರಟ.

ಬಜ್ಪೆ ದಾಟಿದ ಮೇಲೆ ಬೊಂಡದ ಎಳನೀರು ಕುಡಿಯಲು ಕಾರು ನಿಲ್ಲಿಸಿದೆವು. ಅವಳು ಇಳಿದು ನೆಟ್ಟಗೆ ನಡೆದು ಬಂದಳು. ಆ ನಡಿಗೆಗಿಂತ ಕುಂಟುವುದೇ ವಾಸಿ ಎನಿಸಿತು ನನಗೆ. ಯಾರೋ ಹಿಂದಿನಿಂದ ತಳ್ಳಿದ್ದಕ್ಕೆ ಮುಂದೆ ಹೋಗುವವರ ಹಾಗೆ ನಡೆಯುತ್ತಿದ್ದಳು. ಬೊಂಡವನ್ನು ಎರಡು ಕೈಯಲ್ಲಿ ಹಿಡಿದುಕೊಂಡು ನಿಂತಳು, ಕುಡಿಯುವುದೇ ಮರೆತು. ಕಾರು ಓಡಿಸುತ್ತಿದ್ದ ನನ್ನ ಗಂಡ, “ಇವರಿಗೆ ನಿಜವಾಗಿಯೂ ಹುಷಾರಿಲ್ಲ ಅಲ್ವಾ” ಎಂದು ತುಳುವಿನಲ್ಲಿ ಕೇಳಿದರು. ನಾನು ಹೌದೆಂದೆ.

ನಾನು ಕೊಲ್ಲಿಯ ಒಂದು ಊರಿನಲ್ಲಿ ಬಹಳ ವರ್ಷ ನರ್ಸ್ ಆಗಿದ್ದೆ. ಮಾನಸಿಕ ರೋಗಿಗಳ ಆಸ್ಪತ್ರೆ. ಅಲ್ಲಿನ ಜನ ಅದನ್ನು ಬರೇ ‘ನಫ್ಸಿಯಾ’ ಎನ್ನುತ್ತಿದ್ದರು, ಅದೂ ದನಿ ತಗ್ಗಿಸಿ. ನಮ್ಮಲ್ಲಿ ಹುಚ್ಚರ ಆಸ್ಪತ್ರೆ ಎಂಬ ಅರ್ಥದಲ್ಲಿ ಕಂಕನಾಡಿ ಎನ್ನುವಾಗ ಕೆಲವರು ಕಣ್ಣು ಹೊಡೆಯುತ್ತಾರಲ್ಲ, ಹಾಗೆ. ಆದರೆ ಬಂಟ್ವಾಳದಲ್ಲಿ ಯಾರಿಗೂ ನಾನು ಅಂಥ ಕಡೆ ಕೆಲಸ ಮಾಡಿದ್ದು ಗೊತ್ತಿರಲಿಲ್ಲ. ನನ್ನ ಗಂಡನ ಅಣ್ಣ, ಬೆಳ್ತಂಗಡಿಯ ನಮ್ಮ ಭಾವ, ನಾನು ಕೊಲ್ಲಿಗೆ ಹೋದ ವರ್ಷವೇ ನೆಂಟರಿಗೆಲ್ಲ ‘ಹೆರಿಗೆ ವಾರ್ಡು’ ಎಂದು ಹೇಳಿಬಿಟ್ಟಿದ್ದರು. “ಹುಚ್ಚರ ಆಸ್ಪತ್ರೆ ಎಂದು ಹೇಳಲಿಕ್ಕಾಗುತ್ತದಾ? ನಾಳೆ ಮಕ್ಕಳ ಸಂಬಂಧ ನೋಡ್ಲಿಕ್ಕೆ ಉಂಟು” ಎಂದರಂತೆ. ರಜೆಯಲ್ಲಿ ಬಂದಾಗಲೆಲ್ಲ ಪಾಣೆಮಂಗಳೂರಿನ ಹೆಂಗಸರು ಅರಬರ ಶಿಶುಗಳು ಹುಟ್ಟುವಾಗಲೇ ಅಷ್ಟು ದಪ್ಪ ಇರುತ್ತವಾ ಎಂದು ಕೇಳುತ್ತಿದ್ದರು. ನಾನು ಹೌದೆನ್ನುತ್ತಿದ್ದೆ. ಮೂಡುಬಿದಿರೆಯ ಜೈನರ ಮನೆಯ ಹುಡುಗಿ ನರ್ಸ್ ಆದದ್ದೇ ನಮ್ಮವರಿಗೆ ಹೆಚ್ಚಾಗಿತ್ತು. ಅದರ ಮೇಲೆ ಇದು ಬೇಡವೆಂದು ಸುಮ್ಮನಿರುತ್ತಿದ್ದೆ.

ಗೆಳತಿ ಅದೇ ಆಸ್ಪತ್ರೆಯಲ್ಲಿ ರೋಗಿಗಳ ಮನೆಯವರೊಂದಿಗೆ ಮಾತಾಡುವ ಕೆಲಸದಲ್ಲಿದ್ದಳು. ಡಾಕ್ಟರು ಔಷಧ ಬರೆಯುವುದು ಸುಲಭ. ಅದನ್ನು ಮನೆಯವರು ಕೊಡುವ ಹಾಗೆ ಮಾಡುವುದು ಅವಳ ಪಾಲಿಗೆ. ಆಸ್ಪತ್ರೆಗೆ ಎರಡು ಗೇಟು. ರಸ್ತೆಯ ಕಡೆಗೆ ದೊಡ್ಡದು, ಹಿಂದೆ ಮರಳಿನ ಬಯಲಿನ ಕಡೆಗೆ ಸಣ್ಣದು. ಜನ ಬರುತ್ತಿದ್ದದ್ದು ಸಣ್ಣದರಲ್ಲಿ. ತಮ್ಮ ಕಾರಿನ ಗುರುತು ಯಾರಿಗಾದರೂ ಸಿಕ್ಕೀತೆಂದು ಬಾಡಿಗೆ ಕಾರಿನಲ್ಲಿ ಬರುತ್ತಿದ್ದರು. ಮಗಳು ಹೊರದೇಶದಲ್ಲಿ ಓದುತ್ತಿದ್ದಾಳೆ ಎಂದು ಊರಿಗೆ ಹೇಳಿ ನಮ್ಮ ವಾರ್ಡಿನಲ್ಲಿ ಮಲಗಿಸಿದವರಿದ್ದರು. ತಲೆನೋವು ಎಂದೇ ಬರೆಯಿರಿ ಎಂದು ಅಂಗಲಾಚುವ ತಂದೆಯರಿದ್ದರು. ಬಂದ ಹೆಚ್ಚಿನವರೂ ಮೊದಲು ಮೈಮೇಲೆ ಬಂದ ಜಿನ್ ಎಂಬ ಭೂತವನ್ನು ಬಿಡಿಸುವವರ ಹತ್ತಿರ ಹೋಗಿ ಬಂದವರೇ.

ಯಾರಾದರೂ ಜಿನ್ ಎಂದಾಗ ಗೆಳತಿ ನಕ್ಕದ್ದನ್ನು ನಾನು ನೋಡಿಲ್ಲ. “ಕುರಾನ್ ಓದಿಸಿ, ನೀರು ಮಂತ್ರಿಸಿ ಕುಡಿಸಿ, ಬೇಡವೆನ್ನುವುದಿಲ್ಲ. ಅದೇ ನೀರಿನಲ್ಲಿ ಈ ಮಾತ್ರೆಯನ್ನೂ ನುಂಗಿಸಿ” ಎನ್ನುತ್ತಿದ್ದಳು. ಹೊಸದಾಗಿ ಬಂದ ಡಾಕ್ಟರುಗಳಿಗೆ ಅದು ಸರಿಬರುತ್ತಿರಲಿಲ್ಲ. ನಾನೂ ಒಮ್ಮೆ ಕೇಳಿದ್ದೆ. ಅವಳು ಹೇಳಿದಳು, “ಜಿನ್ ಹೊರಗಿನಿಂದ ಬರುತ್ತದೆ. ಹೊರಗಿನಿಂದ ಬಂದದ್ದಕ್ಕೆ ಮನೆಯವರು ಜವಾಬ್ದಾರರಲ್ಲ. ಕಾಯಿಲೆ ಎಂದರೆ ರಕ್ತದಲ್ಲಿ ಉಂಟು ಎಂದಾಯಿತು. ಆಗ ತಂಗಿಯರನ್ನು ಯಾರು ಮದುವೆಯಾಗುತ್ತಾರೆ? ಅವರು ಮೂರ್ಖರಲ್ಲ. ತಮ್ಮ ಮಕ್ಕಳನ್ನು ಕಾಯುತ್ತಿದ್ದಾರೆ, ಒಬ್ಬಳನ್ನು ಬಿಟ್ಟು.”

ಅವರು ಇದಕ್ಕೆಲ್ಲ ಒಂದು ಶಬ್ದ ಬಳಸುತ್ತಿದ್ದರು, ‘ಐಬ್’. ನಾಚಿಕೆಗೇಡು, ಕೊರತೆ, ಎರಡೂ ಅದರಲ್ಲಿ ಬರುತ್ತದೆ. ನಮ್ಮ ಕನ್ನಡದಲ್ಲಿ ಅದೇ ಐಬು ಎಂದಾಗಿ ಹುಡುಗಿ ನೋಡಲು ಬಂದವರ ಬಾಯಲ್ಲಿ ಕೂತಿದೆ ಎಂದು ಹೇಳಿದಾಗ ಅವಳು ನಂಬಲಿಲ್ಲ. ಎರಡು ಸಲ ಹೇಳಿಸಿ ಕೇಳಿದಳು.

ಅವಳನ್ನು ಶಾಲೆಗಳಿಗೆ ಭಾಷಣಕ್ಕೆ ಕರೆಯುತ್ತಿದ್ದರು. ಸ್ಥಳೀಯ ಟಿವಿಯಲ್ಲಿಯೂ ಬರುತ್ತಿದ್ದಳು. ಮನಸ್ಸಿನ ಕಾಯಿಲೆಯೂ ಸಕ್ಕರೆ ಕಾಯಿಲೆಯ ಹಾಗೆ, ನಾಚಿಕೆ ಪಡುವಂಥದ್ದಲ್ಲ ಎಂದು ಹೇಳುತ್ತಿದ್ದಳು. ಎಲ್ಲರೂ ತಲೆದೂಗುತ್ತಿದ್ದರು. ಒಮ್ಮೆ ಕಾರ್ಯಕ್ರಮ ಮುಗಿದ ಮೇಲೆ ಅದನ್ನು ನಡೆಸಿಕೊಟ್ಟವಳೇ ಪಡಸಾಲೆಯ ಮೂಲೆಗೆ ಕರೆದು, ಮನೆಯಲ್ಲಿ ಒಬ್ಬರಿಗಿದ್ದರೆ ಮಕ್ಕಳಿಗೆ ಬಾರದ ಹಾಗೆ ಏನು ಮಾಡಬೇಕು ಎಂದು ಕೇಳಿ, ಯಾರಿಗೂ ಹೇಳಬೇಡ ಎಂದಳಂತೆ.

ನಾನು ಕೆಲಸ ಬಿಟ್ಟು ಊರಿಗೆ ಬಂದು ಮೆಲ್ಕಾರಿನಲ್ಲಿ ಮನೆ ಮಾಡಿದೆ. ಗಂಡನ ಹಾರ್ಡ್‌ವೇರ್ ಅಂಗಡಿ ಪಾಣೆಮಂಗಳೂರಿನಲ್ಲಿ. ಗೆಳತಿ ಆಗಾಗ ಫೋನ್ ಮಾಡುತ್ತಿದ್ದಳು. ಬರುತ್ತಾ ಬರುತ್ತಾ ಅವಳ ದನಿ ಸಣ್ಣದಾಯಿತು. ಮಾತಿನ ನಡುವೆ ಮೌನ ಬರತೊಡಗಿತು. ನಾನು ವಾರ್ಡಿನಲ್ಲಿದ್ದವಳು, ನನಗೆ ಗೊತ್ತಾಗದಿರುತ್ತದಾ? ಕೊನೆಗೊಮ್ಮೆ ಅವಳೇ ಹೇಳಿದಳು.

“ದಿನವಿಡೀ ಜನರಿಗೆ ಮಾತ್ರೆ ತಕ್ಕೊಳ್ಳಿ ಎನ್ನುತ್ತೇನೆ. ಬೆಳಿಗ್ಗೆ ಹಾಸಿಗೆಯಿಂದ ಕಾಲು ಕೆಳಗೆ ಇಡಲು ನನ್ನಿಂದಾಗುವುದಿಲ್ಲ.”

“ನಮ್ಮ ಡಾಕ್ಟರಿಗೇ ತೋರಿಸಬಹುದಲ್ಲ?”

“ಹೆಸರು ಬರೆಯುವ ಕೌಂಟರಿನಲ್ಲಿರುವುದು ನನ್ನ ಚಿಕ್ಕಪ್ಪನ ಸೊಸೆ. ಮಧ್ಯಾಹ್ನದ ನಮಾಜಿನ ಹೊತ್ತಿಗೆ ಇಡೀ ಕುಲಕ್ಕೆ ಗೊತ್ತಾಗುತ್ತದೆ.”

ಮನೆಯಲ್ಲಿ ಅವಳ ಅತ್ತೆಯೊಬ್ಬರು, ತಂದೆಯ ತಂಗಿ, ಟಿವಿಯಲ್ಲಿ ಮುಖ ತೋರಿಸಿದ್ದಕ್ಕೆ ದೃಷ್ಟಿಯಾಗಿದೆ ಎಂದು ನೀರು ಓದಿಸಿ ತಂದಿದ್ದರಂತೆ. ಅವಳು ಕುಡಿದಳು. “ಅದರ ಬಗ್ಗೆ ತಮಾಷೆ ಮಾಡಬೇಡ” ಎಂದಳು ನನ್ನ ಹತ್ತಿರ. “ನೀರು ಕೊಟ್ಟ ಅತ್ತೆ ನನ್ನ ತಲೆ ತೊಡೆಯ ಮೇಲೆ ಇಟ್ಟುಕೊಂಡರು. ನಮ್ಮ ಆಸ್ಪತ್ರೆಯವರು ನನ್ನ ಮುಖ ನೋಡಿ ಗೊತ್ತಾದರೂ ಗೊತ್ತಾಗದ ಹಾಗೆ ಹೋದರು.”

ಮೊಣಕಾಲು ಅವಳ ತಾಯಿಯ ಯೋಚನೆ. ಭಾರತದಲ್ಲಿ ಎಣ್ಣೆ ಹಾಕಿ ಕಾಲುನೋವು ವಾಸಿ ಮಾಡುತ್ತಾರೆ ಎಂದು ಅಲ್ಲಿ ಎಲ್ಲರಿಗೂ ಗೊತ್ತು. ಹಾಗಾಗಿ ಅಣ್ಣನೂ ನಂಬಿ ಒಪ್ಪಿದ. ಮಾನಸಿಕ ಕಾಯಿಲೆಗೆ ನಾಚಿಕೆ ಪಡಬಾರದೆಂದು ಇಡೀ ಊರಿಗೆ ಹೇಳಿದವಳು ತನ್ನ ಕಾಯಿಲೆಯನ್ನು ಕಾಲಿಗೆ ಕಟ್ಟಿಕೊಂಡು ಸಮುದ್ರ ದಾಟಿ ಬಂದಳು.

ಮೆಲ್ಕಾರಿನಲ್ಲಿ ಸುದ್ದಿಯಾಗಲು ಹೊತ್ತು ಬೇಕಾಗಲಿಲ್ಲ. ಅರಬಿ ಹೆಂಗಸು ಮೊಣಕಾಲಿನ ಔಷಧಕ್ಕೆ ಬಂದಿದ್ದಾರೆ ಎಂದು ಅಕ್ಕಪಕ್ಕದವರೆಲ್ಲ ಬಂದರು. ಒಬ್ಬರು ಎಣ್ಣೆ ತಂದರು, ಇನ್ನೊಬ್ಬರು ಎಕ್ಕದ ಎಲೆ. ನೀರುದೋಸೆ ಬಂತು, ಪತ್ರೊಡೆ ಬಂತು. ಎದುರು ಮನೆಯ ಬ್ಯಾರಿ ಹೆಂಗಸು ಪತ್ತಿರಿ ಎಂಬ ಅಕ್ಕಿರೊಟ್ಟಿ ಮಾಡಿ ತಂದು, ಮದರಸದಲ್ಲಿ ಕಲಿತ ಅರಬಿಯಲ್ಲಿ ಅವಳ ಯೋಗಕ್ಷೇಮ ಕೇಳಿದಳು. ಎಲ್ಲರೂ ಅವಳ ಸುಖವಿರುವ ಕಾಲನ್ನು ಮುಟ್ಟಿ ನೋಡಿ, ಬಾತಿದೆ ಎಂದರು. ಅವರು ಹೋದ ಮೇಲೆ ಅವಳು ಗೋಡೆಗೊರಗಿ ಕೂತು ಹೇಳಿದಳು, “ಮೊಣಕಾಲಿಗೆ ಎಷ್ಟು ಜನ ನೆಂಟರು ನೋಡು.”

ಮಂಗಳೂರಿನ ಡಾಕ್ಟರ ಹತ್ತಿರ ಹೋಗುವಾಗ ಮೂಳೆ ಡಾಕ್ಟರ ಹತ್ತಿರ ಎಂದು ಹೇಳಿ ಹೊರಟೆವು. ಅಲ್ಲಿ ಕಾಯುವ ಕೋಣೆಯಲ್ಲಿ ಎಲ್ಲರೂ ಗೋಡೆಯ ಕಡೆ ಮುಖ ಮಾಡಿ ಕೂತಿದ್ದರು. ಬಂಟ್ವಾಳದ ಹೋಟೆಲಿನವರೊಬ್ಬರು ಇದ್ದರು, ನಮಗೆ ಚೆನ್ನಾಗಿ ಪರಿಚಯದವರು. ನನ್ನನ್ನು ಕಂಡು ಎದ್ದು ನಿಂತು, ಕೇಳದಿದ್ದರೂ ಹೇಳಿದರು, “ನಾನು ನಮ್ಮ ಮಾಣಿಯನ್ನು ಕರಕೊಂಡು ಬಂದದ್ದು.” ಅವರ ಜೊತೆಯಲ್ಲಿ ಯಾರೂ ಇರಲಿಲ್ಲ. ಸ್ವಲ್ಪ ಹೊತ್ತಿನಲ್ಲಿ ಅವರ ಹೆಸರನ್ನೇ ಕೂಗಿದರು. ನಾನು ಇದನ್ನು ಅರಬಿಯಲ್ಲಿ ಹೇಳಿದಾಗ ಗೆಳತಿ ನಕ್ಕಳು. ಊರಿಗೆ ಬಂದ ಮೇಲೆ ಅವಳು ನಕ್ಕದ್ದು ಅದೇ ಮೊದಲು. ಆಮೇಲೆ ನಕ್ಕದ್ದಕ್ಕೆ ಬೇಸರಪಟ್ಟುಕೊಂಡಳು.

ಔಷಧ ಮೈಗೆ ಹಿಡಿಯಲು ಸ್ವಲ್ಪ ಸಮಯ ಬೇಕಾಯಿತು. ಮೊದಲು ನಿದ್ದೆ ಬಂತು, ಆಮೇಲೆ ಹಸಿವು. ಒಂದು ದಿನ ಎದುರು ಮನೆಯವಳ ಮೀನು ಸಾರನ್ನು ಕೇಳಿ ತರಿಸಿಕೊಂಡಳು. ನಮ್ಮ ಜೈನರ ಮನೆಯೊಳಗೆ ಅದು ನಡೆಯುವುದಿಲ್ಲ ಎಂದು ಜಗಲಿಯ ಮೆಟ್ಟಿಲ ಮೇಲೆ ಕೂತು ಪತ್ತಿರಿ ಅದ್ದಿ ತಿಂದಳು. ನನಗೆ ನೋಡಿಯೇ ಸಂತೋಷವಾಯಿತು. ನನ್ನ ತವರು ಮೂಡುಬಿದಿರೆಗೆ ಕರಕೊಂಡು ಹೋದೆ. ಬಸದಿಯ ಕಂಬಗಳ ನಡುವೆ ತುಂಬಾ ಹೊತ್ತು ಓಡಾಡಿದಳು. “ಇಲ್ಲಿ ನನ್ನನ್ನು ಗುರುತಿಸುವವರು ಒಬ್ಬರೂ ಇಲ್ಲ” ಎಂದಳು. ಅದೇ ಅವಳಿಗೆ ದೊಡ್ಡ ಔಷಧವಾಗಿತ್ತು.

ಆ ಹೊತ್ತಿಗೆ ಬೆಳ್ತಂಗಡಿಯ ಭಾವನ ಮಗಳಿಗೆ ಸಂಬಂಧ ಕೂಡಿಬಂತು. ಹುಡುಗನ ಕಡೆಯವರು ಊಟಕ್ಕೆ ಬರುತ್ತಾರೆ, ನೀವೂ ಬನ್ನಿ, ನಿಮ್ಮ ಅರಬಿ ಅತಿಥಿಯನ್ನೂ ಕರಕೊಂಡು ಬನ್ನಿ ಎಂದು ಭಾವ ಫೋನ್ ಮಾಡಿದರು. ಅರಬರ ನಾಡಿನ ಅತಿಥಿ ಬಂದರೆ ಮನೆಗೆ ಒಂದು ತೂಕ.

ಬೆಳ್ತಂಗಡಿಯ ಮನೆಯ ವಿಷಯ ಇಲ್ಲಿ ಹೇಳಬೇಕು. ಅಲ್ಲಿ ನನ್ನ ಗಂಡನ ಅಕ್ಕನೂ ಇದ್ದರು. ಹರೆಯದಲ್ಲಿ ಅವರು ಬಹಳ ಚೆನ್ನಾಗಿ ಬಟ್ಟೆ ಹೊಲಿಯುತ್ತಿದ್ದರಂತೆ. ಮದುವೆ ನಿಶ್ಚಯವಾದ ಮೇಲೆ ಕಿವಿಯಲ್ಲಿ ಯಾರೋ ಮಾತಾಡುತ್ತಾರೆ ಎನ್ನತೊಡಗಿದರು. ಬಲಿಮೆ ಇಟ್ಟು ಭವಿಷ್ಯ ಹೇಳುವವನಲ್ಲಿ ನೋಡಿಸಿದರು. ದೈವದ ಉಪದ್ರ ಎಂದು ಬಂತು, ಇನ್ನೊಬ್ಬನ ಲೆಕ್ಕದಲ್ಲಿ ಮಾಟ ಎಂದು ಬಂತು. ನೂಲು ಕಟ್ಟಿದರು. ಒಬ್ಬ ಮಂತ್ರವಾದಿ ನಾಗರಬೆತ್ತದಿಂದ ಹೊಡೆದ. ನಡುವೆ ಒಮ್ಮೆ ಡಾಕ್ಟರಿಗೆ ತೋರಿಸಿದಾಗ ಗುಣವಾಗಿತ್ತು. ಗುಣವಾಯಿತಲ್ಲ ಎಂದು ಮಾತ್ರೆ ನಿಲ್ಲಿಸಿದರು. ನಾನು ಆ ಮನೆಗೆ ಸೊಸೆಯಾಗಿ ಬಂದಾಗಿನಿಂದ ಹೇಳುತ್ತಲೇ ಇದ್ದೆ. “ನಿನ್ನ ಹುಚ್ಚರ ಆಸ್ಪತ್ರೆಯ ವಿದ್ಯೆ ಇಲ್ಲಿಗೆ ತರಬೇಡ” ಎಂದು ಭಾವ ಬಾಯಿ ಮುಚ್ಚಿಸುತ್ತಿದ್ದರು. ಕಾಯಿಲೆ ಬಿದ್ದ ಮೇಲೆ ಮನೆಯ ಸಣ್ಣ ಮಕ್ಕಳೂ ಅಕ್ಕನನ್ನು ‘ಈರ್’ ಎನ್ನುವುದು ಬಿಟ್ಟು ‘ಈ’ ಎಂದು ಏಕವಚನದಲ್ಲಿ ಮಾತಾಡಿಸುತ್ತಿದ್ದರು. ದಿನವೂ ಪಾತ್ರೆ ತೊಳೆದು, ಅಂಗಳ ಗುಡಿಸಿ ಇರುತ್ತಿದ್ದರು ಅಕ್ಕ. ನೆಂಟರು ಬರುವ ದಿನ ಮಾತ್ರ ಹಿಂದಿನ ಕೋಣೆಗೆ ಸೇರಿಸಿ ಹೊರಗಿನಿಂದ ಚಿಲಕ. ಕೇಳಿದವರಿಗೆ, ಕಾರ್ಕಳದ ನೆಂಟರ ಮನೆಯಲ್ಲಿದ್ದಾಳೆ ಎಂಬ ಉತ್ತರ.

ಊಟದ ದಿನ ಗೆಳತಿಯನ್ನು ನಡುಮನೆಯಲ್ಲಿ ಎಲ್ಲರಿಗೂ ಕಾಣುವಂತೆ ಕೂರಿಸಿದರು. ಹುಡುಗನ ಸೋದರತ್ತೆ ಅವಳ ಪಕ್ಕದಲ್ಲಿ ಕೂತು ಫೋಟೋ ತೆಗೆಸಿಕೊಂಡರು. ಊಟದ ನಂತರ ಗೆಳತಿ ಕೈ ತೊಳೆಯಲು ಹಿಂದಕ್ಕೆ ಹೋದಳು. ಎಷ್ಟು ಹೊತ್ತಾದರೂ ಬರಲಿಲ್ಲ. ನಾನು ಹುಡುಕುತ್ತಾ ಹೋದೆ.

ರಬ್ಬರ್ ಶೀಟು ಒಣಗಿಸುವ ಶೆಡ್ಡಿನ ಪಕ್ಕದ ಕೋಣೆಯ ಬಾಗಿಲು ತೆರೆದಿತ್ತು. ಒಳಗೆ ಚಾಪೆಯ ಮೇಲೆ ಗೆಳತಿ ಕೂತಿದ್ದಳು. ಅಕ್ಕ ಅವಳ ಕಪ್ಪು ನಿಲುವಂಗಿಯ ತೋಳನ್ನು ಮಗುಚಿ, ಹೊಲಿಗೆಯ ಮೇಲೆ ಬೆರಳು ಓಡಿಸುತ್ತಿದ್ದರು. ನನ್ನನ್ನು ನೋಡಿ, “ಇದು ಮಿಷನಿನದ್ದಲ್ಲ, ಕೈ ಹೊಲಿಗೆ” ಎಂದರು. ಅಷ್ಟು ಸರಿಯಾದ ಒಂದು ಮಾತನ್ನು ಅವರಿಂದ ನಾನು ಕೇಳಿ ಎಷ್ಟೋ ಕಾಲವಾಗಿತ್ತು.

ಗೆಳತಿ ಕೇಳಿದಳು, “ಇವರು ಯಾರು?”

“ನನ್ನ ಗಂಡನ ಅಕ್ಕ.”

ಅವಳು ನನ್ನನ್ನು ನೋಡಿದಳು ಅಷ್ಟೇ. ಅಷ್ಟರಲ್ಲಿ ನನ್ನ ಓರಗಿತ್ತಿ, ಭಾವನ ಹೆಂಡತಿ, ಬಂದು ಬಾಗಿಲಲ್ಲಿ ನಿಂತಳು. ಅವಳ ಹಿಂದೆಯೇ ಭಾವ. ಅವರ ಹಿಂದೆ, ಅರಬಿ ಅತಿಥಿಯೊಂದಿಗೆ ಇನ್ನೊಂದು ಫೋಟೋ ಬೇಕೆಂದು ಬಂದ ಹುಡುಗನ ಸೋದರತ್ತೆ.

“ಇವಳು ನಮ್ಮ ಕೆಲಸದವಳು. ಸ್ವಲ್ಪ ತಲೆ ಸರಿ ಇಲ್ಲ” ಎಂದರು ಭಾವ ಸೋದರತ್ತೆಗೆ.

“ಅಕ್ಕ ಅವರು” ಎಂದು ಒಂದು ದನಿ ಬಂತು. ನನ್ನ ಗಂಡ. ಯಾವಾಗ ಬಂದು ನಿಂತಿದ್ದರೋ ಗೊತ್ತಿಲ್ಲ. “ನಮ್ಮ ಅಕ್ಕ. ನನ್ನನ್ನು ಎತ್ತಿ ಆಡಿಸಿದವರು.”

ಭಾವ ಅವರ ಕಡೆ ನೋಡಲಿಲ್ಲ. ನನಗೆ ಹೇಳಿದರು, “ನಿನ್ನ ಅತಿಥಿಗೆ ಹೇಳು, ಇಂಥದ್ದೆಲ್ಲ ನೋಡಿ ಹೆದರಬೇಡಿ ಎಂದು.”

“ಹೆದರುವುದಿಲ್ಲ ಭಾವ. ಅವಳ ಉದ್ಯೋಗ ಅದೇ. ನನ್ನದೂ ಅದೇ ಆಗಿತ್ತು” ಎಂದೆ. ಸೋದರತ್ತೆಯ ಎದುರು ಹೆರಿಗೆ ವಾರ್ಡು ಅಲ್ಲಿಗೆ ಮುಚ್ಚಿತು.

ಗೆಳತಿಗೆ ಮಾತು ತಿಳಿಯದಿದ್ದರೂ ವಿಷಯ ತಿಳಿದಿತ್ತು. ಇಂಥ ಬಾಗಿಲುಗಳಲ್ಲಿ ನಿಂತ ಮನೆಯವರನ್ನು ಅವಳು ಜೀವಮಾನವಿಡೀ ನೋಡಿದವಳು. ಎದ್ದು ನಿಂತು ಭಾವನಿಗೆ ಇಂಗ್ಲಿಷಿನಲ್ಲಿ ಹೇಳಿದಳು, ಒಂದೊಂದೇ ಶಬ್ದ. ತನ್ನ ಮೊಣಕಾಲಿಗೆ ಏನೂ ಆಗಿಲ್ಲ. ತನಗೂ ಮನಸ್ಸಿನ ಕಾಯಿಲೆ, ಅದರ ಔಷಧಕ್ಕೇ ಬಂದದ್ದು. ಇವರನ್ನು ಕೋಣೆಯಲ್ಲಿ ಹಾಕುವುದಾದರೆ ತನ್ನನ್ನೂ ಹಾಕಬೇಕಾಗುತ್ತದೆ.

ತನ್ನ ನಾಡಿನಲ್ಲಿ ಒಬ್ಬರ ಮುಂದೆಯೂ ಆಡದ ಮಾತನ್ನು ಅವಳು ಅಲ್ಲಿ ಆಡಿದಳು. ಭಾವನಿಗೆ ಇಂಗ್ಲಿಷ್ ಚೆನ್ನಾಗಿ ಬರುತ್ತದೆ. ಸೋದರತ್ತೆಗೂ ಬರುತ್ತದೆ ಎಂದು ಅವರು ಸೆರಗನ್ನು ಹತ್ತಿರಕ್ಕೆ ಎಳೆದುಕೊಂಡಾಗ ಗೊತ್ತಾಯಿತು.

ಹೊರಡುವಾಗ ನನ್ನ ಗಂಡ ಅಕ್ಕನ ಕೈ ಹಿಡಿದು ಕಾರಿನಲ್ಲಿ ಕೂರಿಸಿದರು. ಮೂವತ್ತು ವರ್ಷದ ಸಂಸಾರದಲ್ಲಿ ಅಣ್ಣನಿಗೆ ಎದುರಾಗಿ ಅವರು ಮಾಡಿದ ಕೆಲಸ ಅದೊಂದೇ. ಭಾವ ತಡೆಯಲಿಲ್ಲ. ಬಂದವರ ಎದುರು ಗಲಾಟೆ ಬೇಡವಾಗಿತ್ತು ಅವರಿಗೆ.

ಬೆಳ್ತಂಗಡಿಯ ಸುದ್ದಿ ಮೆಲ್ಕಾರಿಗೂ ಮುಟ್ಟಿತು, ನಮ್ಮ ಮನೆಗೆ ನೀರುದೋಸೆ ಬರುವುದು ನಿಂತಿತು. ಯಾರೂ ಜಗಳವಾಡಲಿಲ್ಲ, ಯಾರೂ ಕೆಟ್ಟ ಮಾತು ಹೇಳಲಿಲ್ಲ. ಗೇಟಿನ ಹತ್ತಿರ ಕಂಡರೆ, ಹೇಗಿದ್ದೀರಿ ಎಂದು ಕೇಳಿ ಉತ್ತರಕ್ಕೆ ನಿಲ್ಲದೆ ಹೋಗುತ್ತಿದ್ದರು. ಜಗಲಿಯಲ್ಲಿ ಆಡುತ್ತಿದ್ದ ಮಕ್ಕಳನ್ನು ಒಳಗಿನಿಂದ ಕರೆಯುತ್ತಿದ್ದರು. ಎದುರು ಮನೆಯ ಬ್ಯಾರಿ ಹೆಂಗಸು ಮಾತ್ರ ಬರುತ್ತಿದ್ದಳು. ಆದರೆ ಅವಳೂ ಒಂದು ದಿನ ಗೆಳತಿಯ ಕೈ ಹಿಡಿದು, “ಜಿನ್ನಿನ ಉಪದ್ರಕ್ಕೆ ನೂಲು ಕೊಡುವ ತಂಙಳ್ ಒಬ್ಬರು ಇದ್ದಾರೆ, ಹೋಗಿ ಬರುವ” ಎಂದಳು. ಗೆಳತಿ ಅವಳ ಕೆನ್ನೆ ಮುಟ್ಟಿ, “ನೀನು ನನ್ನ ಅತ್ತೆಯ ಹಾಗೆಯೇ” ಎಂದು ಅರಬಿಯಲ್ಲಿ ಹೇಳಿದಳು.

ಆ ಸ್ವಲ್ಪ ಕಾಲ ಮನೆಯೊಳಗೆ ಚೆನ್ನಾಗಿತ್ತು. ಅಕ್ಕನಿಗೂ ಅದೇ ಡಾಕ್ಟರ ಔಷಧ ಸುರುವಾಯಿತು. ಇಬ್ಬರಿಗೂ ಒಂದು ಭಾಷೆ ಇರಲಿಲ್ಲ. ಅಕ್ಕನಿಗೆ ತುಳು, ಅವಳಿಗೆ ಅರಬಿ. ನಾನು ನನ್ನ ಹಳೆಯ ಹೊಲಿಗೆ ಮಿಷನಿಗೆ ಎಣ್ಣೆ ಹಾಕಿ ಕೊಟ್ಟೆ. ಅಕ್ಕ ಮೊದಮೊದಲು ಅದರ ಎದುರು ಸುಮ್ಮನೆ ಕೂತುಕೊಳ್ಳುತ್ತಿದ್ದರು. ಆಮೇಲೆ ದಿಂಬಿನ ಚೀಲ ಹೊಲಿದರು. ಆಮೇಲೆ ಗೆಳತಿಗೆ ಒಂದು ಹೂವಿನ ಬಟ್ಟೆಯ ನೈಟಿ. ತೋಳು ಸ್ವಲ್ಪ ಗಿಡ್ಡವಾಯಿತು ಎಂದು ಅವರೇ ಬಿಚ್ಚಿ ಮತ್ತೆ ಹೊಲಿದರು. ಕಿವಿಯೊಳಗಿನ ಮಾತು ಪೂರ್ತಿ ಹೋಗಿರಲಿಲ್ಲ. “ಈಗ ಮೆಲ್ಲಗೆ ಮಾತಾಡುತ್ತಾರೆ, ಕೆಲಸಕ್ಕೆ ಅಡ್ಡಿ ಮಾಡುವುದಿಲ್ಲ” ಎಂದರು. ಒಂದು ದಿನ ಒಬ್ಬರೇ ಮೆಲ್ಕಾರಿನ ಅಂಗಡಿಗೆ ಹೋಗಿ ನೂಲಿನ ಉಂಡೆ ತಂದರು. ನಾನು ಗೇಟಿನಲ್ಲಿ ಕಾದು ನಿಂತಿದ್ದೆ. ಬಂದವರು, “ಯಾಕೆ ನಿಂತಿದ್ದಿ, ಬಿಸಿಲು” ಎಂದು ನನ್ನನ್ನೇ ಗದರಿಸಿದರು.

ಗೆಳತಿಯ ರಜೆ ಮುಗಿಯಿತು. ಹೊರಡುವ ದಿನ ಅವಳ ಮುಖದಲ್ಲಿ ಹಳೆಯ ಕಳೆ ಇತ್ತು. ಇನ್ನು ಟಿವಿಗೆ ಕರೆದರೆ ತನ್ನದೇ ಕತೆ ಹೇಳುತ್ತೇನೆ ಎಂದಳು. ನಾನು ಹೆದರಿದೆ. “ಬೆಳ್ತಂಗಡಿಯಲ್ಲಿ ಹೇಳಿದೆನಲ್ಲ, ಬಾಯಿ ಸುಟ್ಟುಹೋಗಲಿಲ್ಲ” ಎಂದು ನಗಾಡಿದಳು.

ಹೇಳುವ ಅವಕಾಶವೇ ಅವಳಿಗೆ ಸಿಗಲಿಲ್ಲ. ನೀಲಿ ಅಂಗಿಯವನು, ಮಾತು ಕೊಟ್ಟಂತೆ ನಮ್ಮ ಮನೆಗೆ ವಿಚಾರಿಸಲು ಬರುವವನಿದ್ದ. ಅದಕ್ಕೆ ಮೊದಲೇ ನೆರೆಕರೆಯವರಿಂದ ಅವನಿಗೆ ವಿಷಯ ಸಿಕ್ಕಿತ್ತು. ಅವನು ಕೆಡುಕು ಬಯಸಿದವನಲ್ಲ. ಕನಿಕರದಿಂದಲೇ ಯಜಮಾನರಿಗೆ, ಅವಳ ಅಣ್ಣನಿಗೆ, ಹೇಳಿದನಂತೆ, ಮೇಡಂಗೆ ಹೀಗೆ ಆಗಿದೆ, ಪಾಪ, ಎಂದು. ಅವಳು ಇಳಿಯುವಾಗ ಅಣ್ಣ ವಿಮಾನ ನಿಲ್ದಾಣದಲ್ಲಿ ಕಾಯುತ್ತಿದ್ದ. ಯಾರ ಕಣ್ಣಿಗೂ ಬೀಳದ ಹಾಗೆ ಅವಳನ್ನು ಕಾರಿಗೆ ಹತ್ತಿಸಿದ.

ಅವಳು ಫೋನಿನಲ್ಲಿ ಹೇಳಿದ ಪ್ರಕಾರ ಅಣ್ಣ ಬಯ್ಯಲಿಲ್ಲ. ಅತ್ತ. “ನಿನಗೆ ಏನು ಕಡಿಮೆ ಮಾಡಿದ್ದೇವೆ? ಯಾಕೆ ಹೀಗೆ ಆಯಿತು?” ಎಂದು ಅವಳ ಕಾಲ ಬಳಿ ಕೂತು ಕೇಳಿದ. ತಂಗಿಗೆ ಮನಸ್ಸಿನ ಕಾಯಿಲೆ ಬರಬೇಕಾದರೆ ಮನೆಯಲ್ಲಿ ಪ್ರೀತಿ ಸಾಲದಾಯಿತು, ಇಲ್ಲವೇ ನಂಬಿಕೆ ಸಾಲದಾಯಿತು ಎಂಬುದು ಅವನ ಲೆಕ್ಕ. ಎರಡನ್ನೂ ಹೆಚ್ಚು ಮಾಡಿದ. ಯಾತ್ರೆಗೆ ಕರಕೊಂಡು ಹೋದ, ಓದುವವರನ್ನು ಮನೆಗೇ ಕರೆಸಿದ. ಮಾತ್ರೆಗಳನ್ನು ಮಾತ್ರ ತೆಗೆದಿಟ್ಟುಕೊಂಡ, ಅವು ತಲೆಯನ್ನು ಮಂಕು ಮಾಡುತ್ತವೆ ಎಂದು. ಆಸ್ಪತ್ರೆಯಲ್ಲಿಯೂ ಸುದ್ದಿ ಮುಟ್ಟಿತ್ತು. ರೋಗಿಗಳ ಮನೆಯವರೊಂದಿಗೆ ಮಾತಾಡುವ ಕೆಲಸದಿಂದ ಅವಳನ್ನು ಬಿಡಿಸಿ ಹಳೆಯ ಕಡತಗಳ ಕೋಣೆಗೆ ಹಾಕಿದರು. ವಿಶ್ರಾಂತಿ ಸಿಗಲಿ ಎಂದರಂತೆ. ಎಲ್ಲ ಗೊತ್ತಿದ್ದ ಡಾಕ್ಟರುಗಳು, ನನ್ನ ಜೊತೆ ಕೆಲಸ ಮಾಡಿದವರು, ಅಷ್ಟು ಓದಿದವರು.

“ಜಿನ್ ಎಂದು ಹೇಳಿದ್ದರೆ ಇಷ್ಟಾಗುತ್ತಿರಲಿಲ್ಲ” ಎಂದಳು ಒಮ್ಮೆ. “ಜಿನ್ ಬಿಟ್ಟು ಹೋಯಿತು ಎಂದು ಮರುದಿನ ಕೆಲಸಕ್ಕೆ ಹೋಗಬಹುದಿತ್ತು.”

ಫೋನುಗಳು ಕಡಿಮೆಯಾದವು. ಕೊನೆಯ ಸಲ ಅವಳ ಅತ್ತೆಯ ಫೋನಿನಿಂದ ಮಾತಾಡಿದಳು. ಪಕ್ಕದಲ್ಲಿ ಯಾರೋ ಇದ್ದರು. ಚೆನ್ನಾಗಿದ್ದೇನೆ, ದೇವರ ದಯೆ, ನಿನ್ನ ಮನೆಯವರೆಲ್ಲ ಹೇಗಿದ್ದಾರೆ ಎಂದು ಗುರುತಿಲ್ಲದವರೊಂದಿಗೆ ಆಡುವ ಅರಬಿಯಲ್ಲಿ ಮಾತಾಡಿದಳು. ನಮ್ಮಿಬ್ಬರ ವಾರ್ಡಿನ ಒರಟು ಅರಬಿ ಅದಲ್ಲ. ಅದರ ಮೇಲೆ ನಾನು ಮಾಡಿದ ಫೋನುಗಳನ್ನು ಯಾರೂ ಎತ್ತಲಿಲ್ಲ.

ಇತ್ತ ಭಾವ ಮೆಲ್ಕಾರಿಗೆ ಬಂದರು. ಬಂದು ಸೋಫಾದ ತುದಿಯಲ್ಲಿ ಕೂತರು. ಹುಡುಗನ ಕಡೆಯವರು ಸಂಬಂಧ ಮುರಿಯಲಿಲ್ಲ, ಆದರೆ ಮನೆತನದಲ್ಲಿ ಐಬು ಉಂಟಾ ಎಂದು ಸುತ್ತಮುತ್ತ ವಿಚಾರಿಸುತ್ತಿದ್ದಾರೆ. ಅಕ್ಕ ಹೀಗೆ ಪೇಟೆಯಲ್ಲಿ ನಡೆದಾಡಿದರೆ ಹುಡುಗಿಯ ಗತಿ ಏನು? ಮದುವೆ ಕಳೆಯುವವರೆಗೆ ಮಾತ್ರ ಬೆಳ್ತಂಗಡಿಯಲ್ಲಿರಲಿ. ಮಾತ್ರೆ ತಪ್ಪದೆ ಕೊಡುತ್ತೇವೆ.

“ಅವರನ್ನೇ ಕೇಳಿ ಭಾವ” ಎಂದೆ.

ಅಕ್ಕ ಹೊಲಿಗೆ ಮಿಷನಿನ ಹತ್ತಿರವೇ ಇದ್ದರು. ಎಲ್ಲ ಕೇಳಿಸಿತ್ತು. “ಮಗುವಿನ ಮದುವೆ ಅಲ್ವಾ, ಹೋಗುತ್ತೇನೆ” ಎಂದರು. ಅಷ್ಟು ಸ್ವಸ್ಥವಾಗಿದ್ದರು ಅವರು ಆಗ. ಕಾಯಿಲೆ ಜೋರಾಗಿದ್ದರೆ ಒಪ್ಪುತ್ತಿರಲಿಲ್ಲವೇನೋ. ನನ್ನ ಗಂಡ ಅಣ್ಣನ ಎದುರು ಎರಡನೆಯ ಸಲ ಬಾಯಿ ತೆರೆಯಲಿಲ್ಲ. ಅಕ್ಕನ ಚೀಲ ಹೊತ್ತು ಕಾರಿನವರೆಗೆ ಹೋದರು.

ಮದುವೆಗೆ ನಾವು ಹೋದೆವು. ಅಕ್ಕ ಕಾರ್ಕಳದಲ್ಲಿದ್ದಾರೆ ಎಂದು ಓರಗಿತ್ತಿ ಎಲ್ಲರಿಗೂ ಹೇಳುತ್ತಿದ್ದಳು. ಮದುವೆ ಕಳೆದ ಮೇಲೆ ಕರಕೊಂಡು ಬರಲು ಹೋದರೆ, ಹೊಸ ಅಳಿಯ ಬಂದು ಹೋಗುವ ಸಮಯ, ಸ್ವಲ್ಪ ತಡೆಯಿರಿ ಎಂದರು. ಆಮೇಲೆ ಹುಡುಗಿ ಬಸುರಿ. ಮಾತ್ರೆ ಕೊಡುತ್ತಿರಲಿಲ್ಲ ಎಂದು ಅಕ್ಕನ ಕಣ್ಣು ನೋಡಿಯೇ ಗೊತ್ತಾಯಿತು. ಕೇಳಿದರೆ ಓರಗಿತ್ತಿ, “ಉಗುಳುತ್ತಾಳೆ, ಅದರ ಹಿಂದೆ ಕೂರಲು ನನಗೆ ಪುರುಸೊತ್ತು ಎಲ್ಲಿ” ಎಂದಳು. ಅವಳಿಗೂ ಆ ಮನೆಯಲ್ಲಿ ಕೈತುಂಬ ಕೆಲಸ, ಅದು ಸುಳ್ಳಲ್ಲ.

ನಾನು ಮಂಗಳೂರಿನ ಡಾಕ್ಟರ ಹತ್ತಿರ ಹೋಗಿ ಕೇಳಿದೆ. ತಿಂಗಳಿಗೊಮ್ಮೆ ಕೊಟ್ಟರೆ ಸಾಕಾಗುವ ಇಂಜೆಕ್ಷನ್ ಉಂಟು. ಅವರು ಅಕ್ಕನನ್ನು ಒಮ್ಮೆ ಪುನಃ ನೋಡಿ ಬರೆದುಕೊಟ್ಟರು. ಈಗ ಪ್ರತಿ ತಿಂಗಳು ನಾನು ಮೆಲ್ಕಾರಿನಿಂದ ಬೆಳ್ತಂಗಡಿಗೆ ಬಸ್ಸಿನಲ್ಲಿ ಹೋಗಿ ಚುಚ್ಚಿ ಬರುತ್ತೇನೆ. ಅಕ್ಕ ಸ್ವಲ್ಪ ಸುಧಾರಿಸಿದ್ದಾರೆ. ಹೊಲಿಗೆ ಮಿಷನ್ ತಕ್ಕೊಂಡು ಹೋಗಿ ಕೊಡುತ್ತೇನೆಂದೆ, ಸದ್ದು ಹೊರಗೆ ಕೇಳುತ್ತದೆ ಎಂದು ಭಾವ ಒಪ್ಪಲಿಲ್ಲ. ಇಂಜೆಕ್ಷನಿಗೆ ಅಡ್ಡಿ ಮಾಡುವುದಿಲ್ಲ. ಶಕ್ತಿಗೆ ಕೊಡುವ ವಿಟಮಿನ್ ಎಂದು ನೆರೆಯವರಿಗೆ ಹೇಳಿದ್ದಾರೆ. ಹೋದ ತಿಂಗಳು ನಾನು ಸೂಜಿ ಎಸೆದು ಕೈ ತೊಳೆಯುತ್ತಿರುವಾಗ ಪಕ್ಕದ ಮನೆಯ ಹೆಂಗಸು ಬೇಲಿಯ ಹತ್ತಿರ ಬಂದು ನಿಂತಳು. ಭುಜದವರೆಗೆ ರವಿಕೆಯ ತೋಳು ಮೇಲೆ ಮಾಡಿಕೊಂಡಿದ್ದಳು. ತನಗೂ ತುಂಬಾ ಸುಸ್ತು, ಅದೇ ವಿಟಮಿನ್ ಒಂದು ಕೊಡಬಹುದಾ ಎಂದು ಕೇಳಿದಳು. ಕೊಡಲಿಕ್ಕಾಗುವುದಿಲ್ಲ, ಡಾಕ್ಟರು ಬರೆಯಬೇಕು ಎಂದೆ. ಭಾವ ಜಗಲಿಯಿಂದ ನಮ್ಮನ್ನೇ ನೋಡುತ್ತಿದ್ದರು. ನಾನು ಚೀಲ ತಕ್ಕೊಂಡು ಬಸ್ಸಿಗೆ ಹೊರಟೆ.